ಹೊಸ ಸೋಪು ಬಂದಿದೆ, ಆಸ್ಪತ್ರೆಗೆ ತರೋಣವೇ?

ಒಂದು ಹಾಳೆ ನಿಮ್ಮ ಕೈಗೆ ಬಂದಿದೆ ಎಂದುಕೊಳ್ಳಿ. ಅದರಲ್ಲಿ ಮೂರೇ ಮಾತು. ಲ್ಯಾಬ್ ಪರೀಕ್ಷೆಯಲ್ಲಿ ಹೊಸ ಆ್ಯಂಟಿಬ್ಯಾಕ್ಟೀರಿಯಲ್ ಸೋಪು ಹಾಕಿ ತೊಳೆದ ಕೈಯಲ್ಲಿ, ಮಾಮೂಲಿ ಸೋಪು ಹಾಕಿ ತೊಳೆದ ಕೈಗಿಂತ ಶೇ 60ರಷ್ಟು ಕಡಿಮೆ ಬ್ಯಾಕ್ಟೀರಿಯಾ ಉಳಿದವು. ಒಂದು ಆಸ್ಪತ್ರೆಯಲ್ಲಿ ಆರು ತಿಂಗಳು ಬಳಸಿದಾಗ ರೋಗಿಗಳ ಸೋಂಕು ಶೇ 30ರಷ್ಟು ಇಳಿಯಿತು. ಆದ್ದರಿಂದ ಎಲ್ಲ ಆಸ್ಪತ್ರೆಗಳೂ ಇದೇ ಸೋಪನ್ನು ತರಿಸಬೇಕು.

ಈ ಹಾಳೆಯನ್ನು ಉದಾಹರಣೆಗೆಂದು ನಾನೇ ಬರೆದೆ. ಆದರೆ ಇಂಥ ವಾದ ಹೊಸದೇನಲ್ಲ. ಓದಿದ ಕೂಡಲೇ ಹೌದು ಅನ್ನುವ ಹಾಗಿದೆ, ಅಲ್ವಾ? ಕಾಯಿಲೆ ವಾಸಿ ಮಾಡಿಕೊಳ್ಳಲು ಆಸ್ಪತ್ರೆಗೆ ಹೋದವರು ಅಲ್ಲೇ ಇನ್ನೊಂದು ಸೋಂಕು ಹತ್ತಿಸಿಕೊಂಡು ನರಳುವುದು ದೊಡ್ಡ ಸಂಕಟ. ಅದನ್ನು ತಡೆಯುತ್ತೇನೆ ಎಂದು ಬಂದ ಸೋಪನ್ನು ಬೇಡ ಅನ್ನಲು ಯಾರಿಗೆ ಮನಸ್ಸು ಬರುತ್ತದೆ? ಆದರೂ 'ಆದ್ದರಿಂದ' ಅನ್ನುವ ಆ ಒಂದು ಪದದ ಕೆಳಗೆ ಎಷ್ಟೊಂದು ನಂಬಿಕೆಗಳು ಸದ್ದಿಲ್ಲದೆ ಕೂತಿವೆ. ರೋಗಿಗಳ ಮೇಲೆ ಕಾಳಜಿ ಇರುವವರು ಅವನ್ನು ಒಂದೊಂದಾಗಿ ಹೊರಗೆಳೆದು ನೋಡಲೇಬೇಕು.

ಶೇ 60 ಅಂದರೆ ಎಷ್ಟು?

ಮೊದಲು ಸಂಖ್ಯೆಯನ್ನೇ ಹಿಡಿಯೋಣ. ಕೈ ಮೇಲೆ 10 ಲಕ್ಷ ಬ್ಯಾಕ್ಟೀರಿಯಾ ಇವೆ ಅನ್ನಿ. ಲೆಕ್ಕ ಸುಲಭವಾಗಲಿ ಎಂದು, ಮಾಮೂಲಿ ಸೋಪಿನಿಂದ ಚೆನ್ನಾಗಿ ತೊಳೆದಾಗ ಅದರಲ್ಲಿ ಶೇ 99 ಹೋದವು ಅಂತಿಟ್ಟುಕೊಳ್ಳಿ. ಉಳಿದದ್ದು 10 ಸಾವಿರ. ಹೊಸ ಸೋಪಿನಲ್ಲಿ ಉಳಿದದ್ದು 4 ಸಾವಿರ. ಈ 10 ಸಾವಿರಕ್ಕೂ 4 ಸಾವಿರಕ್ಕೂ ಇರುವ ಅಂತರವೇ ಹಾಳೆಯಲ್ಲಿ ಮಿಂಚುತ್ತಿರುವ ಶೇ 60. ಅಷ್ಟರಲ್ಲಾಗಲೇ ಹಳೆಯ ಸೋಪು 9 ಲಕ್ಷ 90 ಸಾವಿರವನ್ನು ತೆಗೆದಾಗಿತ್ತು. ಹೊಸದು ಅದರ ಮೇಲೆ ಮಾಡಿದ ಕೆಲಸ 6 ಸಾವಿರದ್ದು.

ಸೂಕ್ಷ್ಮಜೀವಿಗಳನ್ನು ಎಣಿಸುವವರು ಇದನ್ನು ಶೇಕಡಾ ಲೆಕ್ಕಕ್ಕಿಂತ ಲಾಗ್ ಲೆಕ್ಕದಲ್ಲಿ ಹೇಳುವುದು ಜಾಸ್ತಿ. ಸುಮ್ನೆ ಸೊನ್ನೆಗಳನ್ನು ಎಣಿಸಿದರೆ ಸಾಕು. 10 ಲಕ್ಷ ಇದ್ದದ್ದು 1 ಲಕ್ಷ ಆದರೆ ಒಂದು ಸೊನ್ನೆ ಹೋಯಿತು, ಅದು ಒಂದು ಲಾಗ್. 10 ಸಾವಿರ ಆದರೆ ಎರಡು ಲಾಗ್. 10 ಸಾವಿರ 4 ಸಾವಿರಕ್ಕೆ ಇಳಿದರೆ 0.4 ಲಾಗ್, ಅಂದರೆ ಅರ್ಧ ಸೊನ್ನೆಯೂ ಹೋಗಲಿಲ್ಲ. ಹೀಗೆ ಎಣಿಸುವುದಕ್ಕೆ ಕಾರಣ ಇದೆ. ಬ್ಯಾಕ್ಟೀರಿಯಾ ಬೆಳೆಯುವುದು ದುಪ್ಪಟ್ಟಾಗುತ್ತಾ. ಎಲ್ಲ ಅನುಕೂಲ ಸಿಕ್ಕಾಗ ಇ. ಕೋಲೈ ಸುಮಾರು 20 ನಿಮಿಷಕ್ಕೊಮ್ಮೆ ಎರಡರಷ್ಟಾಗುತ್ತದೆ. ಅಂಥ ಜಾಗದಲ್ಲಿ 4 ಸಾವಿರ ಇದ್ದದ್ದು 10 ಸಾವಿರ ದಾಟಲು ಅರ್ಧ ಗಂಟೆ ಸಾಕು. ಒಣ ಚರ್ಮದ ಮೇಲೆ ಆ ವೇಗ ಇರುವುದಿಲ್ಲ, ನಿಜ. ತೀರಾ ಬಳಲಿದ ರೋಗಿಯ ಹತ್ತಿರ ಆ 6 ಸಾವಿರದ ಅಂತರವೂ ಮುಖ್ಯವಾಗಬಹುದು. ಆದರೆ ಮುಖ್ಯವಾಗುತ್ತದೋ ಇಲ್ಲವೋ ಎಂಬುದನ್ನು 'ಶೇ 60' ಅನ್ನುವ ಮಾತು ಹೇಳುವುದಿಲ್ಲ.

ಇನ್ನು, ಲ್ಯಾಬಿನಲ್ಲಿ ಎಷ್ಟು ಹೊತ್ತು ತಾಗಿಸಿದರು? ಸೋಪಿನ ಮೂಲ ಕೆಲಸ ಕೊಲ್ಲುವುದಕ್ಕಿಂತ ಬಿಡಿಸುವುದು. ಅದರ ಕಣದ ಒಂದು ತುದಿ ನೀರನ್ನು ಹಿಡಿಯುತ್ತದೆ, ಇನ್ನೊಂದು ತುದಿ ಜಿಡ್ಡನ್ನು. ಉಜ್ಜಿದಾಗ ಜಿಡ್ಡಿನ ಜೊತೆ ಬ್ಯಾಕ್ಟೀರಿಯಾ ಕಿತ್ತು ಬಂದು ನೀರಿನಲ್ಲಿ ಹರಿದು ಹೋಗುತ್ತವೆ. ಆ್ಯಂಟಿಬ್ಯಾಕ್ಟೀರಿಯಲ್ ಸೋಪಿನಲ್ಲಿ ಇದರ ಜೊತೆಗೆ ಕೊಲ್ಲುವ ಒಂದು ರಾಸಾಯನಿಕವೂ ಇರುತ್ತದೆ. ಕೊಲ್ಲಲು ಅದಕ್ಕೆ ಹೊತ್ತು ಬೇಕು. 2015ರಲ್ಲಿ ದಕ್ಷಿಣ ಕೊರಿಯಾದ ಸಂಶೋಧಕರು ಟ್ರೈಕ್ಲೋಸಾನ್ ಎಂಬ ಅಂಥ ರಾಸಾಯನಿಕ ಶೇ 0.3 ಇದ್ದ ಸೋಪನ್ನು ಅದೇ ಬಗೆಯ ಸಾದಾ ಸೋಪಿನ ಜೊತೆ ಹೋಲಿಸಿದರು. 20 ಬಗೆಯ ಬ್ಯಾಕ್ಟೀರಿಯಾ ತೆಗೆದುಕೊಂಡು 20 ಸೆಕೆಂಡು ತಾಗಿಸಿದಾಗ ಎರಡರ ನಡುವೆ ಹೇಳಿಕೊಳ್ಳುವಂಥ ಅಂತರ ಸಿಗಲಿಲ್ಲ. ಟ್ರೈಕ್ಲೋಸಾನ್ ಸೋಪು ಸ್ಪಷ್ಟವಾಗಿ ಮುಂದೆ ಹೋದದ್ದು 9 ಗಂಟೆ ಆದ ಮೇಲೆ. ಒಂಬತ್ತು ಗಂಟೆ ಕೈಗೆ ಸೋಪು ಹಚ್ಚಿಕೊಂಡು ಯಾರು ನಿಲ್ಲುತ್ತಾರೆ?

ಯಾವ ಸೂಕ್ಷ್ಮಜೀವಿ ಎಂಬ ಪ್ರಶ್ನೆಯೂ ಇದೆ. ನಮ್ಮ ಚರ್ಮದಲ್ಲಿ ಕಾಯಂ ಆಗಿ ನೆಲೆಸಿರುವ ಬ್ಯಾಕ್ಟೀರಿಯಾ ಬೇರೆ, ಆಗಷ್ಟೇ ಯಾವುದೋ ಹಾಸಿಗೆಯಿಂದ ಅಂಟಿಕೊಂಡು ಬಂದವು ಬೇರೆ. ವಾರ್ಡಿನಲ್ಲಿ ಒಬ್ಬ ರೋಗಿಯಿಂದ ಇನ್ನೊಬ್ಬರಿಗೆ ದಾಟುವುದು ಹೆಚ್ಚಾಗಿ ಈ ಎರಡನೆಯ ಗುಂಪು. ಸೋಪು ಕಡಿಮೆ ಮಾಡಿದ್ದು ಯಾವುದನ್ನು? ಆಸ್ಪತ್ರೆಗಳನ್ನು ಕಾಡುವ ಕ್ಲಾಸ್ಟ್ರಿಡಿಯಂ ಡಿಫಿಸೈಲ್ ಎಂಬ ಬ್ಯಾಕ್ಟೀರಿಯಾವಂತೂ ಸ್ಪೋರ್ ಎಂಬ ಗಟ್ಟಿ ಕವಚದೊಳಗೆ ಅಡಗಿ ಕೂರುತ್ತದೆ. ಆಲ್ಕೋಹಾಲ್ ಹ್ಯಾಂಡ್‌ರಬ್ ಕೂಡ ಅದನ್ನು ಕೊಲ್ಲಲಾರದು. ಸೋಪು, ನೀರು ಹಾಕಿ ಉಜ್ಜಿ ತೊಳೆದು ಹಾಕುವುದೇ ಅಲ್ಲಿ ದಾರಿ. ವೈರಸ್‌ಗಳ ಕಥೆ ಮತ್ತೂ ಬೇರೆ.

ಕೈಯಿಂದ ರೋಗಿಯವರೆಗೆ

ಹಾಳೆಯಲ್ಲಿರುವ ಅತಿ ದೊಡ್ಡ ನಂಬಿಕೆ ಇದು: ಕೈಯಲ್ಲಿ ಬ್ಯಾಕ್ಟೀರಿಯಾ ಕಡಿಮೆಯಾದರೆ ವಾರ್ಡಿನಲ್ಲಿ ಸೋಂಕೂ ಕಡಿಮೆಯಾಗುತ್ತದೆ. ದಿಕ್ಕು ಸರಿಯಾಗಿಯೇ ಇದೆ. ಆದರೆ ಎಷ್ಟು ಕಡಿಮೆಯಾದರೆ ಎಷ್ಟು?

ಮೂತ್ರದ ಕ್ಯಾತಿಟರ್ (ಮೂತ್ರ ಹೊರತೆಗೆಯುವ ಕೊಳವೆ) ಹಾಕಿದ ರೋಗಿಗೆ ಸೋಂಕಾಗುವುದು ಎಷ್ಟೋ ಸಲ ಅವರದೇ ಕರುಳಿನ ಬ್ಯಾಕ್ಟೀರಿಯಾದಿಂದ. ಶಸ್ತ್ರಚಿಕಿತ್ಸೆಯ ಗಾಯಕ್ಕೆ ಸೋಂಕು ಅವರದೇ ಚರ್ಮದಿಂದ ಬರಬಹುದು. ವೆಂಟಿಲೇಟರ್‌ನಲ್ಲಿ ಇರುವವರಿಗೆ ಬಾಯಿ, ಗಂಟಲಿನಲ್ಲಿ ಇದ್ದದ್ದೇ ಶ್ವಾಸಕೋಶಕ್ಕೆ ಇಳಿಯಬಹುದು. ಕ್ಷಯದಂಥವು ಗಾಳಿಯಲ್ಲಿ ಬರುತ್ತವೆ. ಕೈ ಬಹಳ ದೊಡ್ಡ ದಾರಿ, ಅನುಮಾನವೇ ಇಲ್ಲ. ಆದರೆ ಅದೊಂದೇ ದಾರಿಯಲ್ಲ. ಕ್ಯಾತಿಟರನ್ನು ಒಂದು ದಿನ ಮೊದಲೇ ತೆಗೆದರೆ ತಪ್ಪುವ ಸೋಂಕನ್ನು ಯಾವ ಸೋಪೂ ತಪ್ಪಿಸಲಾರದು.

ಈಗ ಕೈ ತೊಳೆಯುವುದನ್ನೇ ಹತ್ತಿರದಿಂದ ನೋಡೋಣ. ರಾತ್ರಿ ಪಾಳಿ. ಒಬ್ಬ ನರ್ಸ್ ಮೂರನೇ ಹಾಸಿಗೆಯ ಡ್ರೆಸ್ಸಿಂಗ್ ಮುಗಿಸಿದ್ದಾರೆ. ಐದನೇ ಹಾಸಿಗೆಯ ಡ್ರಿಪ್ ಪಂಪು ಕೂಗುತ್ತಿದೆ. ಸಿಂಕ್ ಇರುವುದು ವಾರ್ಡಿನ ಆ ತುದಿಯಲ್ಲಿ. ಓಡಿ ಹೋಗಿ ನಲ್ಲಿ ತಿರುಗಿಸುತ್ತಾರೆ, ಡಿಸ್ಪೆನ್ಸರ್ ಒಮ್ಮೆ ಒತ್ತುತ್ತಾರೆ, ಅಂಗೈಗೆ ಅಂಗೈ ಉಜ್ಜುತ್ತಾರೆ. ಬೆರಳ ಸಂದಿಗೆ ಒಂದು ಸಲ ನೊರೆ ಹೋಯಿತು. ಹೆಬ್ಬೆರಳು ಉಳಿಯಿತು. ಬೆರಳ ತುದಿ, ಅಂದರೆ ರೋಗಿಯನ್ನು ಮೊದಲು ಮುಟ್ಟುವ ಜಾಗ, ಅದೂ ಸರಿಯಾಗಿ ಆಗಲಿಲ್ಲ. ದಿನಕ್ಕೆ ಹತ್ತಾರು ಸಲ ತೊಳೆದು ಗೆಣ್ಣಿನ ಮೇಲೆ ಚರ್ಮ ಬಿರಿದಿದೆ, ಉರಿಯುತ್ತದೆ. ಹತ್ತು ಸೆಕೆಂಡಿಗೆ ನೀರು ಹಾಕಿ ಹೊರಟರು. ಪಂಪು ಇನ್ನೂ ಕೂಗುತ್ತಲೇ ಇದೆ.

ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ಸೋಪು, ನೀರಿನಲ್ಲಿ ಕೈ ತೊಳೆಯುವ ಇಡೀ ಕೆಲಸಕ್ಕೆ 40ರಿಂದ 60 ಸೆಕೆಂಡು ಬೇಕು. ಅದೇ ಸಂಸ್ಥೆಯ 2009ರ ಮಾರ್ಗಸೂಚಿಯಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಕೈ ಶುಚಿ ಮಾಡಬೇಕಾದ ಸಂದರ್ಭಗಳಲ್ಲಿ ಸಿಬ್ಬಂದಿ ನಿಜಕ್ಕೂ ಮಾಡಿದ್ದು ಸರಾಸರಿ ಶೇ 38.7. ಈ ಸಂಖ್ಯೆ ಓದಿ ನರ್ಸ್‌ಗಳ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ. ಒಬ್ಬರಿಗೆ ಇಷ್ಟು ಹಾಸಿಗೆ, ಸಿಂಕ್ ಅಷ್ಟು ದೂರ ಅಂದಾಗ ಹೀಗೇ ಆಗುತ್ತದೆ. ನಾನು ಕೇಳುವುದು ಇಷ್ಟೇ: ನೂರು ಸಲ ತೊಳೆಯಬೇಕಾದ ಕಡೆ ನಲವತ್ತು ಸಲವೂ ತೊಳೆಯಲು ಆಗದಿದ್ದರೆ, ಹೊಸ ಸೋಪು ತನ್ನ ಶೇ 60 ತೋರಿಸುವುದು ಆ ನಲವತ್ತು ಸಲ ಮಾತ್ರ. ಉಳಿದ ಅರವತ್ತು ಸಲ ಯಾವ ಸೋಪೂ ಕೈಗೆ ತಾಗಲೇ ಇಲ್ಲ. ಮೇಲಾಗಿ ಹೊಸ ಸೋಪು ಚರ್ಮಕ್ಕೆ ಒರಟಾಗಿದ್ದು, ಕೈ ಇನ್ನಷ್ಟು ಬಿರಿದು, ತೊಳೆಯುವುದು ಮತ್ತೂ ಕಡಿಮೆಯಾದರೆ? ಬಿರಿದ ಚರ್ಮದಲ್ಲಿ ರೋಗ ತರುವ ಬ್ಯಾಕ್ಟೀರಿಯಾ ನೆಲೆಯೂರುವುದು ಸುಲಭ. ಲ್ಯಾಬಿನಲ್ಲಿ ಗೆದ್ದ ಸೋಪು ಹೀಗೆ ವಾರ್ಡಿನಲ್ಲಿ ಸೋಲಬಹುದು.

ಜಿನೀವಾದ ವಿಶ್ವವಿದ್ಯಾಲಯ ಆಸ್ಪತ್ರೆ ಬೇರೆ ದಾರಿ ಹಿಡಿಯಿತು. ಅಲ್ಲಿನ ವೈದ್ಯ ಡಿಡಿಯೆ ಪಿಟೆ ಮತ್ತು ಸಂಗಡಿಗರು ಹಾಸಿಗೆಯ ಪಕ್ಕದಲ್ಲೇ ಆಲ್ಕೋಹಾಲ್ ಹ್ಯಾಂಡ್‌ರಬ್ ಸಿಗುವಂತೆ ಮಾಡಿದರು, ಪೋಸ್ಟರ್ ಹಚ್ಚಿದರು, ಯಾರು ಎಷ್ಟು ಸಲ ಕೈ ಶುಚಿ ಮಾಡುತ್ತಾರೆ ಎಂದು ನೋಡಿ ಅದನ್ನು ಸಿಬ್ಬಂದಿಗೆ ತಿಳಿಸಿದರು. 1994ರಲ್ಲಿ ಶೇ 48 ಇದ್ದ ಕೈ ಶುಚಿಯ ಪಾಲನೆ 1997ಕ್ಕೆ ಶೇ 66 ಆಯಿತು. ಆಸ್ಪತ್ರೆಯಲ್ಲಿ ಹತ್ತಿದ ಸೋಂಕು ಇರುವವರ ಪ್ರಮಾಣ ಶೇ 16.9ರಿಂದ ಶೇ 9.9ಕ್ಕೆ ಇಳಿಯಿತು. ಓಡಾಟ ತಪ್ಪಿತು, ಹೊತ್ತು ಉಳಿಯಿತು, ಕೈ ಶುಚಿಯಾಯಿತು. ನ್ಯಾಯವಾಗಿ ಹೇಳಬೇಕಾದರೆ, ಇದೂ ಒಂದೇ ಆಸ್ಪತ್ರೆಯ ಮೊದಲು ಮತ್ತು ನಂತರದ ಲೆಕ್ಕವೇ. ಸೋಪಿನ ಹಾಳೆಗೆ ಹಾಕುವ ಪ್ರಶ್ನೆಯನ್ನು ಇದಕ್ಕೂ ಹಾಕಬೇಕು.

ಸೋಂಕು ಇಳಿದದ್ದು ಸೋಪಿನಿಂದಲೇ?

ಆ ಪ್ರಶ್ನೆ ಏನು? ಹೊಸ ಸೋಪು ಬಂತು, ಸೋಂಕು ಇಳಿಯಿತು. ಒಂದರ ಹಿಂದೆ ಇನ್ನೊಂದು ಬಂದ ಮಾತ್ರಕ್ಕೆ ಮೊದಲನೆಯದು ಕಾರಣವಾಗುವುದಿಲ್ಲ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಅನ್ನುತ್ತೇವಲ್ಲ, ಹಾಗೂ ಆಗಿರಬಹುದು.

ಯಾವ ಆಸ್ಪತ್ರೆ ಹೊಸ ಸೋಪು ಹುಡುಕುತ್ತದೆ? ಸೋಂಕು ಏಕಾಏಕಿ ಏರಿ ಎಲ್ಲರೂ ಗಾಬರಿಯಾಗಿರುವ ಆಸ್ಪತ್ರೆ. ಹಾಗೆ ಏರಿದ್ದು ಎಷ್ಟೋ ಸಲ ತಾನಾಗಿಯೇ ಮಾಮೂಲಿ ಮಟ್ಟಕ್ಕೆ ಇಳಿಯುತ್ತದೆ. ಆ ಹೊತ್ತಿಗೆ ಸೋಪು ಬಂದಿದ್ದರೆ ಹೆಸರು ಸೋಪಿಗೆ ಬರುತ್ತದೆ. ಇನ್ನೊಂದು, ಹೊಸ ಸೋಪು ಸುಮ್ನೆ ಬರುವುದಿಲ್ಲ. ತರಬೇತಿ ಬರುತ್ತದೆ, ಹೊಸ ಡಿಸ್ಪೆನ್ಸರ್ ಬರುತ್ತದೆ, ಕ್ಲಿಪ್‌ಬೋರ್ಡ್ ಹಿಡಿದು ಮೂಲೆಯಲ್ಲಿ ನಿಂತು ನೋಡುವವರು ಬರುತ್ತಾರೆ. ನೋಡುತ್ತಿದ್ದಾರೆ ಅಂದರೆ ಯಾರಾದರೂ ಚೆನ್ನಾಗಿ ಕೈ ತೊಳೆಯುತ್ತಾರೆ. ಷಿಕಾಗೊ ಹತ್ತಿರದ ಹಾಥಾರ್ನ್ ಕಾರ್ಖಾನೆಯಲ್ಲಿ 1920ರ ದಶಕದಲ್ಲಿ ನಡೆದ ಪ್ರಯೋಗಗಳಿಂದಾಗಿ ಇದಕ್ಕೆ ಹಾಥಾರ್ನ್ ಪರಿಣಾಮ ಎಂದೇ ಹೆಸರು ಬಿದ್ದಿದೆ.

ಸಣ್ಣ ಸಂಖ್ಯೆಗಳ ಆಟವೂ ಇದೆ. ಶೇ 30 ಇಳಿಕೆ ಅಂದರೆ 200 ಸೋಂಕು 140 ಆಗಿರಬಹುದು, 20 ಇದ್ದದ್ದು 14 ಆಗಿರಬಹುದು. ಎರಡೂ ಒಂದೇ ಅಲ್ಲ. ಆರು ತಿಂಗಳಿಗೆ ಸರಾಸರಿ 20 ಸೋಂಕು ಆಗುವ ಕಡೆ, ಏನನ್ನೂ ಬದಲಾಯಿಸದೆ ಬಿಟ್ಟರೂ ಒಮ್ಮೆ 15, ಇನ್ನೊಮ್ಮೆ 25 ಆಗುವುದು ಸಹಜ. 14 ಬಂದರೂ ಬೆಚ್ಚಿ ಬೀಳಬೇಕಿಲ್ಲ. ಮತ್ತೆ, ಸೋಂಕನ್ನು ಎಣಿಸಿದವರು ಯಾರು, ಹೇಗೆ? ಆ ಆರು ತಿಂಗಳಲ್ಲಿ ಲ್ಯಾಬಿಗೆ ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಕಳಿಸಿದ್ದೇ ಕಡಿಮೆಯಾದರೆ ಸೋಂಕೂ ಕಡಿಮೆ ಕಾಣುತ್ತದೆ. ಅಷ್ಟೇ.

ಇಲ್ಲಿ ನನಗೆ ಮತ್ತೆ ಮತ್ತೆ ನೆನಪಾಗುವವರು ಹಂಗೇರಿಯ ವೈದ್ಯ ಇಗ್ನಾಜ್ ಸೆಮ್ಮೆಲ್‌ವೈಸ್. 1840ರ ದಶಕದ ವಿಯೆನ್ನಾ ಜನರಲ್ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಒಂದರಲ್ಲಿ ವೈದ್ಯ ವಿದ್ಯಾರ್ಥಿಗಳು, ಇನ್ನೊಂದರಲ್ಲಿ ಸೂಲಗಿತ್ತಿಯರು ಕಲಿಯುತ್ತಿದ್ದರು. 1846ರಲ್ಲಿ ಮೊದಲನೆಯದರಲ್ಲಿ ತಾಯಂದಿರ ಸಾವು ಶೇ 11.4, ಎರಡನೆಯದರಲ್ಲಿ ಶೇ 2.8. ಯಾವ ದಿನ ಬಂದಿರಿ ಎಂಬುದರ ಮೇಲೆ ಯಾವ ವಿಭಾಗ ಎಂದು ನಿರ್ಧಾರವಾಗುತ್ತಿತ್ತು, ಒಂದು ದಿನ ಇದು, ಮರುದಿನ ಅದು. ಹಾಗಾಗಿ ಎರಡೂ ಕಡೆ ಸೇರುತ್ತಿದ್ದ ಹೆಂಗಸರು ಹೆಚ್ಚುಕಡಿಮೆ ಒಂದೇ ಬಗೆಯವರು. ಹೋಲಿಕೆಗೆ ಇದಕ್ಕಿಂತ ಒಳ್ಳೆಯ ಅವಕಾಶ ಬೇಕೆ? ಸೆಮ್ಮೆಲ್‌ವೈಸ್ ಒಂದೊಂದೇ ಕಾರಣವನ್ನು ಎತ್ತಿ ನೋಡಿದರು. ಜನಸಂದಣಿಯೇ? ಎರಡನೆಯದರಲ್ಲೇ ಜಾಸ್ತಿ ಜನ. ಹವೆಯೇ? ಎರಡಕ್ಕೂ ಒಂದೇ. ಹೆರಿಗೆಯಲ್ಲಿ ಮಲಗಿಸುವ ರೀತಿಯೇ? ಬದಲಾಯಿಸಿ ನೋಡಿದರು, ಫಲ ಇಲ್ಲ. ಸಾಯುವವರ ಬಳಿಗೆ ಹೋಗುವಾಗ ಪಾದ್ರಿ ಬಾರಿಸುವ ಗಂಟೆಯ ಭಯವೇ? ಅವರ ದಾರಿಯನ್ನೂ ಬದಲಾಯಿಸಿದರು. 1847ರಲ್ಲಿ, ಶವಪರೀಕ್ಷೆಯ ಚಾಕು ತಾಗಿ ಸ್ನೇಹಿತ ಕೊಲೆಚ್ಕಾ ಆ ತಾಯಂದಿರಂಥದೇ ಲಕ್ಷಣಗಳಿಂದ ಸತ್ತಾಗ, ಶವಪರೀಕ್ಷೆ ಮುಗಿಸಿ ಹೆರಿಗೆ ವಿಭಾಗಕ್ಕೆ ಬರುತ್ತಿದ್ದ ವೈದ್ಯರ, ವಿದ್ಯಾರ್ಥಿಗಳ ಕೈಯೇ ಕಾರಣ ಎಂದು ಹೊಳೆಯಿತು. ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈ ತೊಳೆಸಿದರು. ಆ ಏಪ್ರಿಲ್‌ನಲ್ಲಿ ಶೇ 18.3 ಇದ್ದ ಸಾವು ಜೂನ್‌ನಲ್ಲಿ ಶೇ 2.2 ಆಯಿತು, ಜುಲೈನಲ್ಲಿ ಶೇ 1.2.

ಒಂದು ವಿಷಯ ಗಮನಿಸಿ. ಬ್ಯಾಕ್ಟೀರಿಯಾ ರೋಗ ತರುತ್ತವೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ. ಅವರು ಎಣಿಸಿದ್ದು ಸಾವನ್ನು. ನಮಗೆ ಬ್ಯಾಕ್ಟೀರಿಯಾ ಗೊತ್ತು, ಎಣಿಸಲು ಬರುತ್ತದೆ. ಹಾಗಾಗಿ ಅದನ್ನು ಎಣಿಸಿ, ರೋಗಿಗಳ ಸೋಂಕನ್ನು ಊಹಿಸಿಕೊಳ್ಳುತ್ತಿದ್ದೇವೆ.

ಸೋಪಿನಿಂದ ಕೆಡುಕಾದರೆ?

'ಉಪಯೋಗ ಆಗದಿದ್ದರೂ ತೊಂದರೆಯಂತೂ ಇಲ್ಲವಲ್ಲ' ಎಂಬ ಮಾತು ಕೇಳಿರುತ್ತೀರಿ. ಹೆಕ್ಸಾಕ್ಲೋರೊಫೀನ್ ಎಂಬ ಬ್ಯಾಕ್ಟೀರಿಯಾ ಕೊಲ್ಲುವ ರಾಸಾಯನಿಕದ ಕಥೆ ಗೊತ್ತಿದ್ದವರು ಹಾಗನ್ನಲಾರರು. ಸ್ಟ್ಯಾಫಿಲೊಕಾಕಸ್ (ಸ್ಟ್ಯಾಫ್) ಎಂಬ ಬ್ಯಾಕ್ಟೀರಿಯಾವನ್ನು ತಡೆಯಲೆಂದು ಎಷ್ಟೋ ಆಸ್ಪತ್ರೆಗಳಲ್ಲಿ ಆಗತಾನೇ ಹುಟ್ಟಿದ ಮಕ್ಕಳಿಗೆ ಇದು ಬೆರೆತ ದ್ರಾವಣದಲ್ಲಿ ಸ್ನಾನ ಮಾಡಿಸುತ್ತಿದ್ದರು. ಅದು ಚರ್ಮದ ಮೂಲಕ ಒಳಗೆ ಇಳಿದು ನರಗಳಿಗೆ, ಮೆದುಳಿಗೆ ಹಾನಿ ಮಾಡಬಲ್ಲದು ಎಂದು ಆಮೇಲೆ ತಿಳಿಯಿತು. 1972ರಲ್ಲಿ ಫ್ರಾನ್ಸಿನಲ್ಲಿ ತಯಾರಿಕೆಯ ತಪ್ಪಿನಿಂದ ಇದು ಶೇ 6ಕ್ಕೂ ಹೆಚ್ಚು ಬೆರೆತಿದ್ದ ಟಾಲ್ಕಂ ಪೌಡರ್ ಹಾಕಿಸಿಕೊಂಡ 36 ಮಕ್ಕಳು ತೀರಿಕೊಂಡರು. ಅದೇ ವರ್ಷ ಅಮೆರಿಕ ಇದರ ಬಳಕೆಗೆ ಕಡಿವಾಣ ಹಾಕಿತು. ಇದರ ಇನ್ನೊಂದು ಮುಖವನ್ನೂ ಹೇಳಬೇಕು: ಆ ಸ್ನಾನ ನಿಲ್ಲಿಸಿದ ಮೇಲೆ ಅಲ್ಲಿನ ಕೆಲವು ನವಜಾತ ವಾರ್ಡುಗಳಲ್ಲಿ ಸ್ಟ್ಯಾಫ್ ಸೋಂಕು ಮತ್ತೆ ಏರಿತು. ಅಂದರೆ ಉಪಯೋಗವೂ ನಿಜವಾಗಿತ್ತು, ಹಾನಿಯೂ ನಿಜವಾಗಿತ್ತು. ಎರಡನ್ನೂ ತೂಕಕ್ಕೆ ಹಾಕದೆ ಮೊದಲೇ ಎಲ್ಲ ಮಕ್ಕಳಿಗೂ ಹಚ್ಚಿದ್ದೇ ತಪ್ಪಾಯಿತು.

ಟ್ರೈಕ್ಲೋಸಾನ್‌ನದು ಇಷ್ಟು ದಾರುಣ ಕಥೆಯಲ್ಲ. ಬಹಳ ಕಾಲ ಅದನ್ನು ಬ್ಯಾಕ್ಟೀರಿಯಾವನ್ನು ಎಲ್ಲ ಕಡೆಯಿಂದಲೂ ಒಡೆಯುವ ರಾಸಾಯನಿಕ ಎಂದು ನಂಬಿದ್ದರು, ಹಾಗಾಗಿ ಪ್ರತಿರೋಧ ಬೆಳೆಯದು ಅಂದುಕೊಂಡಿದ್ದರು. 1998ರಲ್ಲಿ ಅಮೆರಿಕದ ಸಂಶೋಧಕ ಸ್ಟುವರ್ಟ್ ಲೆವಿ ಅವರ ತಂಡ, ಇ. ಕೋಲೈನಲ್ಲಿ ಕೊಬ್ಬು ತಯಾರಿಸುವ ಒಂದು ನಿರ್ದಿಷ್ಟ ಕಿಣ್ವವನ್ನು ಅದು ತಡೆಯುತ್ತದೆ, ಆ ಜೀನ್ ಸ್ವಲ್ಪ ಬದಲಾದರೆ ಬ್ಯಾಕ್ಟೀರಿಯಾ ತಡೆದುಕೊಳ್ಳುತ್ತದೆ ಎಂದು ತೋರಿಸಿತು. 2016ರಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಜನಸಾಮಾನ್ಯರು ಬಳಸುವ ಆ್ಯಂಟಿಬ್ಯಾಕ್ಟೀರಿಯಲ್ ಸೋಪುಗಳಲ್ಲಿ ಟ್ರೈಕ್ಲೋಸಾನ್ ಸೇರಿ 19 ರಾಸಾಯನಿಕಗಳನ್ನು ನಿಷೇಧಿಸಿತು. ದಿನಾಲೂ ಬಳಸಿದರೆ ಸುರಕ್ಷಿತ, ಸಾದಾ ಸೋಪಿಗಿಂತ ಮೇಲು ಎಂಬುದಕ್ಕೆ ತಯಾರಕರಿಂದ ಸಾಕಷ್ಟು ಪುರಾವೆ ಬರಲಿಲ್ಲ ಎಂಬುದೇ ಕಾರಣ.

ಸೋಪೇ ಕೊಳೆಯಾಗುವುದೂ ಉಂಟು. ದೊಡ್ಡ ಕ್ಯಾನಿನಿಂದ ಮತ್ತೆ ಮತ್ತೆ ತುಂಬುವ ಡಿಸ್ಪೆನ್ಸರ್‌ನ ಮೂತಿ ಗಮನಿಸಿದ್ದೀರಾ? ಒಣಗಿದ ಸೋಪಿನ ಗಟ್ಟಿ ಉಂಗುರ, ಅದರ ಒಳಗೆ ಯಾವಾಗಲೂ ಒದ್ದೆ. ತೊಳೆಯದೆ ಹಳೆಯದರ ಮೇಲೆ ಹೊಸದು ಸುರಿಯುತ್ತಾರೆ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನ ಶಾಲೆಯೊಂದರ ಇಂಥ ಡಿಸ್ಪೆನ್ಸರ್‌ಗಳನ್ನು ನೋಡಿತ್ತು. ಕಲುಷಿತ ಸೋಪಿನಿಂದ ಕೈ ತೊಳೆದ ಮೇಲೆ ಕೈ ಮೇಲೆ ಗ್ರ್ಯಾಮ್ ನೆಗೆಟಿವ್ ಎಂಬ ಗುಂಪಿನ ಬ್ಯಾಕ್ಟೀರಿಯಾ 26 ಪಟ್ಟು ಜಾಸ್ತಿಯಾಗಿದ್ದವು. ತೊಳೆದ ಮೇಲೆ!

ಹಾಗಾದರೆ ಹೇಗೆ ನಿರ್ಧರಿಸುವುದು?

ಒಂದು ಆಸ್ಪತ್ರೆಯಲ್ಲಿ ಫಲ ಕೊಟ್ಟದ್ದು ಇನ್ನೊಂದರಲ್ಲಿ ಕೊಡುತ್ತದೆ ಎಂಬ ಖಾತ್ರಿ, ಒಳ್ಳೆಯ ಪ್ರಯೋಗ ನಡೆದ ಮೇಲೂ ಇಲ್ಲ. ಐಸಿಯು ರೋಗಿಗಳ ಮೈಯನ್ನು ದಿನಾ ಬ್ಯಾಕ್ಟೀರಿಯಾ ಕೊಲ್ಲುವ ಕ್ಲೋರ್‌ಹೆಕ್ಸಿಡಿನ್‌ನಿಂದ ಒರೆಸುವುದನ್ನೇ ನೋಡಿ. 2013ರಲ್ಲಿ ಬಂದ, 9 ಘಟಕಗಳ 7,700ಕ್ಕೂ ಹೆಚ್ಚು ರೋಗಿಗಳ ಪ್ರಯೋಗದಲ್ಲಿ ಆಸ್ಪತ್ರೆಯಲ್ಲಿ ಹತ್ತುವ ರಕ್ತದ ಸೋಂಕು ಶೇ 28 ಕಡಿಮೆ ಆಯಿತು. 2015ರಲ್ಲಿ ಇನ್ನೊಂದು ಆಸ್ಪತ್ರೆಯ 5 ಐಸಿಯುಗಳಲ್ಲಿ 9,340 ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ ಅಂತರವೇ ಕಾಣಲಿಲ್ಲ. ಎರಡೂ ಎಚ್ಚರಿಕೆಯಿಂದ ಮಾಡಿದ ಕೆಲಸಗಳೇ. ಅಲ್ಲಿನ ರೋಗಿಗಳು, ಅಲ್ಲಿ ಮೊದಲೇ ಇದ್ದ ಸೋಂಕಿನ ಮಟ್ಟ, ಎಣಿಸಿದ ಸೋಂಕುಗಳು ಬೇರೆ ಬೇರೆ.

ಆದ್ದರಿಂದ ನನ್ನ ಮಾತು ಸೋಪು ಬೇಡ ಎಂದಲ್ಲ. ಹೊಸ ಸೋಪು ನಿಜವಾಗಿಯೂ ಒಳ್ಳೆಯದಿರಬಹುದು, ಅದನ್ನು ತಿಳಿಯುವ ದಾರಿಯೂ ನಮ್ಮ ಕೈಯಲ್ಲೇ ಇದೆ. ಎಲ್ಲ ವಾರ್ಡುಗಳಿಗೂ ಒಂದೇ ದಿನ ಹಾಕುವ ಬದಲು, ಯಾವ ವಾರ್ಡಿಗೆ ಮೊದಲು ಎಂದು ಚೀಟಿ ಎತ್ತಿ ಕೆಲವಕ್ಕೆ ಈಗ, ಉಳಿದವಕ್ಕೆ ಕೆಲವು ತಿಂಗಳ ನಂತರ ಕೊಡಬಹುದು. ಆಮೇಲೆ ಅದಲುಬದಲು ಮಾಡಬಹುದು. ತರಬೇತಿ, ಹೊಸ ಡಿಸ್ಪೆನ್ಸರ್, ಕ್ಲಿಪ್‌ಬೋರ್ಡ್ ಎಲ್ಲ ಎರಡೂ ಗುಂಪಿಗೆ ಸಮನಾಗಿರಬೇಕು, ಬದಲಾಗುವುದು ಒಳಗಿನ ಸೋಪು ಮಾತ್ರ. ಯಾವ ವಾರ್ಡಿನಲ್ಲಿ ಯಾವ ಸೋಪು ಎಂದು ಸೋಂಕು ಎಣಿಸುವವರಿಗೆ ಗೊತ್ತಿರಬಾರದು. ಯಾವ ಸೋಂಕನ್ನು ಎಣಿಸುತ್ತೇವೆ, ಎಷ್ಟು ಇಳಿದರೆ ಒಪ್ಪುತ್ತೇವೆ ಎಂಬುದನ್ನು ಶುರು ಮಾಡುವ ಮೊದಲೇ ಬರೆದಿಡಬೇಕು, ಫಲಿತಾಂಶ ನೋಡಿ ಆಮೇಲೆ ಆರಿಸಿಕೊಳ್ಳುವ ಹಾಗಾಗಬಾರದು. ಸಿಬ್ಬಂದಿಯ ಕೈ ಚರ್ಮ ಹೇಗಿದೆ, ಎಷ್ಟು ಸಲ ತೊಳೆಯುತ್ತಿದ್ದಾರೆ ಎಂಬುದನ್ನು ಜೊತೆಜೊತೆಗೇ ನೋಡಬೇಕು.

ಇನ್ನೊಂದು ಗುಂಪನ್ನೂ ಸೇರಿಸಿದರೆ ನನಗೆ ಸಮಾಧಾನ. ಹಳೆಯ ಸೋಪೇ ಇರಲಿ, ಹೊಸ ಸೋಪಿಗೆ ಆಗುವ ಹೆಚ್ಚುವರಿ ಖರ್ಚನ್ನು ಅಲ್ಲಿ ಪ್ರತಿ ಹಾಸಿಗೆ ಪಕ್ಕ ಒಂದು ಹ್ಯಾಂಡ್‌ರಬ್ ಬಾಟಲಿಗೆ, ಕೈಗೆ ಹಚ್ಚುವ ಕ್ರೀಮಿಗೆ, ರಾತ್ರಿ ಪಾಳಿಗೆ ಇನ್ನೊಬ್ಬ ನರ್ಸ್‌ಗೆ ಎಷ್ಟಾಗುತ್ತದೋ ಅಷ್ಟು ಹಾಕಿ ನೋಡೋಣ. ಕೊನೆಗೆ ಮೂರೂ ಗುಂಪುಗಳ ಸೋಂಕಿನ ಲೆಕ್ಕವನ್ನು ಒಂದೇ ಹಾಳೆಯಲ್ಲಿ ಪಕ್ಕಪಕ್ಕ ಬರೆದು, ಮೊದಲ ಹಾಳೆ ಓದಿದವರ ಮುಂದೆಯೇ ಇಡೋಣ.